ಒಂದು ಮೊಣಕಾಲು, ಎರಡು ಕೈಗುಣ

"ಹಂಗಾದರ ಇದು ಒಂದು ಕೈ ಮಾಡಿದ ಕೆಲಸಲ್ಲ ಡಾಕ್ಟ್ರ, ಎರಡು ಕೈ," ಎಂದರು ಗೋದಾಬಾಯಿ.

ಡಾಕ್ಟರ್ ಕೌಶಲ್ ಮೇಜಿನ ಮೇಲಿದ್ದ ಎರಡು ವರದಿಗಳನ್ನು ಮತ್ತೊಮ್ಮೆ ಓದಿದ. ಸನತ್‌ನಗರದ ಔಷಧ ಪ್ರಯೋಗಾಲಯದಿಂದ ಅವು ಆಗತಾನೆ ಬಂದಿದ್ದವು. ಗೋದಾಬಾಯಿ ಎರಡು ಮಾದರಿಗಳನ್ನು ಕೊಟ್ಟು ಬಂದಿದ್ದರು. ಒಂದು, ಬೂದು ಬಣ್ಣದ ಗಿಡಮೂಲಿಕೆಯ ಪುಡಿ. ಇನ್ನೊಂದು, ಊಟದ ಡಬ್ಬಿಯಲ್ಲಿ ಉಳಿದಿದ್ದ ರಂಜಕ, ಅಂದರೆ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಅರೆದ ಖಾರ.

"ಪುಡಿಯಲ್ಲಿ ಡೈಕ್ಲೊಫೆನಾಕ್. ರಂಜಕದಲ್ಲಿ ಐಬುಪ್ರೊಫೆನ್," ಎಂದ ಕೌಶಲ್. "ವಿಷ ಅಂತ ಬರೆಯೋಕೂ ಆಗಲ್ಲ ಮೇಡಂ. ಎರಡೂ ಮೊಣಕಾಲು ನೋವಿಗೆ, ಬೆನ್ನು ನೋವಿಗೆ ಕೊಡೋ ಮಾತ್ರೆಗಳೇ. ಯಾವ ಮೆಡಿಕಲ್ ಶಾಪಿನಲ್ಲಿ ಕೇಳಿದರೂ ಸಿಗುತ್ತವೆ."

ಐದು ದಿನದ ಹಿಂದೆ, ಹೈದರಾಬಾದಿನ ಮಾದಾಪುರದಲ್ಲಿ ಮೇಲೇಳುತ್ತಿದ್ದ ಒಂದು ಸಾಫ್ಟ್‌ವೇರ್ ಕಂಪನಿಯ ಗಾಜಿನ ಕಟ್ಟಡದಲ್ಲಿ ಅಮೃತಶಿಲೆ ಕೂಡಿಸುತ್ತಿದ್ದ ಮೌನಪ್ಪ ಮಿಸ್ತ್ರಿ, ಕಾಫಿ ಚರಟದಂಥ ಕಪ್ಪು ರಕ್ತ ಕಾರಿ ಅದೇ ಬಿಳಿ ಕಲ್ಲಿನ ಮೇಲೆ ಬಿದ್ದಿದ್ದ.

ಹೊಟ್ಟೆಯೊಳಗೆ ನಳಿಕೆ ಇಳಿಸಿ ನೋಡಿದಾಗ ಮೂರು ಹುಣ್ಣು ಕಂಡವು. ಒಂದರಿಂದ ರಕ್ತ ಜಿನುಗುತ್ತಿತ್ತು. ಮೂತ್ರಪಿಂಡವೂ ಸೋಲುತ್ತಿತ್ತು. ಕೌಶಲ್ ಎರಡು ರಾತ್ರಿ ನಿದ್ದೆಗೆಟ್ಟು ರಕ್ತ ನಿಲ್ಲಿಸಿದ್ದ.

"ಮೂರು ತಿಂಗಳ ಹಿಂದೆ ಇವನಿಗೆ ನಾನೇ ಕೂರಿಸಿಕೊಂಡು ಹೇಳಿದ್ದೆ," ಎಂದ ಕೌಶಲ್, ಹಾಳೆಯನ್ನು ಬದಿಗಿಟ್ಟು. "ಒಂದು ಸಲ ಹುಣ್ಣಾಗಿದೆ, ಬಿಪಿ ಇದೆ, ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ತಗೊಳ್ತೀಯ. ನೋವಿನ ಮಾತ್ರೆ ಇನ್ನು ಮುಟ್ಟಬೇಡ, ನೋವಿಗೆ ಬೇರೆ ದಾರಿ ಮಾಡೋಣ ಅಂತ. ದೇವರಾಣೆ ಮುಟ್ಟಿಲ್ಲ ಅಂತಾನೆ ಈಗಲೂ."

"ಅಂವಾ ಸುಳ್ಳ ಹೇಳಾಕತ್ತಿಲ್ಲ," ಎಂದರು ಗೋದಾಬಾಯಿ. "ಅವನ ಕೈಲೆ ಅಂವಾ ನುಂಗಿಲ್ಲ. ಅವಗ ತಿನಿಸ್ಯಾರ."

ಸರ್ಕಾರಿ ಕಾರ್ಖಾನೆಯೊಂದರ ದವಾಖಾನೆಯಲ್ಲಿ ಗೋದಾಬಾಯಿ ಮೂವತ್ತೊಂದು ವರ್ಷ ಮಾತ್ರೆ ಹಂಚಿದವರು. ಕಲಬುರ್ಗಿಯಿಂದ ಮದುವೆಯಾಗಿ ಬಂದು ಹೈದರಾಬಾದಿನಲ್ಲೇ ನಿವೃತ್ತರಾದವರು. ಪೊಲೀಸರು "ಕಾಯಿಲೆ, ಕೇಸಿಲ್ಲ" ಎಂದು ಕೈ ತೊಳೆದುಕೊಂಡದ್ದನ್ನು ಕನ್ನಡದವರು ಅವರ ಬಾಗಿಲಿಗೆ ತರುತ್ತಿದ್ದರು. ಈ ಸಲ ಕೌಶಲ್ ತಂದಿದ್ದ.

"ಇನ್ನೊಂದು ಮಾತು," ಎಂದರು ಅವರು. "ಬೇಗಂ ಬಜಾರದಾಗ ಆ ಪುಡಿ ಮಾರೋ ಬಂಡೆಮ್ಮನ ಅಂಗಡ್ಯಾಗ ನಾನು ಮೂರು ಪೊಟ್ಟಣ ಕೊಂಡು ತಂದು ಮೊದಲs ಪರೀಕ್ಷೆ ಮಾಡಿಸೀನಿ. ಮೂರೂ ಶುದ್ಧ ಅದಾವ. ಬರೇ ಶುಂಠಿ, ನೆಗ್ಗಿನಮುಳ್ಳು, ಅಶ್ವಗಂಧಿ. ಮೌನಪ್ಪನ ಮನ್ಯಾಗಿದ್ದ ಪೊಟ್ಟಣದಾಗ ಮಾತ್ರ ಗುಳಿಗಿ ಬೆರೆತೈತಿ."

ಕೌಶಲ್ ತಲೆಯೆತ್ತಿದ. "ಅಂದರೆ ಅವನಿಗೋಸ್ಕರವೇ ಬೆರೆಸಿದ್ದು."

"ಅವನೊಬ್ಬನಿಗೇ."

* * *

ಮೊದಲ ಸಂಶಯ ಎಲ್ಲರಿಗೂ ಹುಲಗೇಶನ ಮೇಲೆಯೇ ಇತ್ತು.

ಅವನೂ ಅಮೃತಶಿಲೆ ಮಿಸ್ತ್ರಿ. ಮೌನಪ್ಪನ ಊರಿನವನೇ. ಇಬ್ಬರೂ ಯಾದಗಿರಿ ಕಡೆಯಿಂದ ಒಂದೇ ಲಾರಿಯಲ್ಲಿ ಬಂದವರು. ಕಟ್ಟಡದ ಮುಖ್ಯ ಹಜಾರದ ನೆಲ ತನಗೇ ಸಿಗುವುದೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಕಂತ್ರಾಟದಾರ ಅದನ್ನು ಮೌನಪ್ಪನಿಗೆ ಕೊಟ್ಟ. ಹುಲಗೇಶನಿಗೆ ಕಕ್ಕಸಿನ ಟೈಲ್ಸು ಬಂತು.

ಗೋದಾಬಾಯಿ ಮಧ್ಯಾಹ್ನ ಕಟ್ಟಡಕ್ಕೆ ಹೋದಾಗ ಹುಲಗೇಶ ಅದೇ ಹಜಾರದಲ್ಲಿ ಮೊಣಕಾಲೂರಿ ಕೂತಿದ್ದ. ಮೌನಪ್ಪ ಅರ್ಧಕ್ಕೆ ಬಿಟ್ಟ ನೆಲ ಈಗ ಅವನ ಕೈಗೆ ಬಂದಿತ್ತು. ಕಲ್ಲನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ, ಸಮವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡುತ್ತ, ಮತ್ತೆ ಕಿತ್ತು ಕೂಡಿಸುತ್ತಿದ್ದ.

"ಬಂದ್ರ್ಯಾ ಬಾಯಾರ," ಎಂದ, ತಲೆ ಎತ್ತದೆ. "ನನ್ನ ಮ್ಯಾಲೆ ಸಂಶಯ ಐತೇನ್ರಿ?"

"ಇರಬಾರದೇನು?"

ಸುತ್ತಿಗೆ ನಿಂತಿತು.

"ಹೊಟ್ಟಿಕಿಚ್ಚ ಇತ್ರಿ. ಸುಳ್ಳ ಯಾಕ ಹೇಳ್ಲಿ? ಅಂವಾ ಕೂಡಿಸಿದ ಕಲ್ಲು ರಸಮಟ್ಟ ಇಡದನ ಸಮ ಕೂಡತೈತಿ. ನಾ ಹತ್ತ ಸಲ ಇಟ್ರೂ ಒಂದ ಕೂದಲೆಳಿ ಏರತೈತಿ. ಇದ ನೋಡ್ರಿ." ಅವನು ಎರಡು ಕಲ್ಲುಗಳ ನಡುವಿನ ಸಂದಿನ ಮೇಲೆ ಉಗುರು ಎಳೆದ. ಉಗುರು ಸಣ್ಣಗೆ ತಡೆಯಿತು. "ಈ ಸಂದಿನಾಚೆ ಅವಂದು, ಈಚೆ ನಂದು. ಕುಂತಾಗೊಮ್ಮೆ, ಎದ್ದಾಗೊಮ್ಮೆ ಇದ ಕಣ್ಣಿಗೆ ಬೀಳತೈತ್ರಿ."

"ಅದಕ ಅವಗ ಗುಳಿಗಿ ಹಾಕಿದಿ?"

"ಇಲ್ರಿ! ಗುಳಿಗಿ ಹಾಕಿಲ್ಲ." ಹುಲಗೇಶ ಸಿಮೆಂಟು ಮೆತ್ತಿದ ಕೈಗಳನ್ನು ಲುಂಗಿಗೆ ಒರೆಸಿಕೊಂಡ. "ನಾ ಹಾಕಿದ್ದು ಬ್ಯಾರೆ. ಮಾತು ಹಾಕಿದೆ."

"ಯಾರ ಕಿವ್ಯಾಗ?"

"ಅವನ ಹೆಂಡ್ತಿ ಗುರುದೇವಿ ವೈನಿ ಕಿವ್ಯಾಗ. ನಿನ್ನ ಗಂಡ ಐತವಾರ ಐತವಾರ ಗಡ್ಡ ಬೋಳಿಸ್ಕೊಂಡು, ಅತ್ತರು ಹಚಗೊಂಡು ಬೇಗಂ ಬಜಾರಕ ಹೊಂಟಾನ. ಬಂಡೆಮ್ಮನ ಕೈಗುಣದಂಥಾ ಕೈಗುಣ ಇಲ್ಲಂತ ಊಟಕ್ಕ ಕುಂತಾಗ ಎಲ್ಲಾರ ಮುಂದ ಹೇಳ್ತಾನ, ಅಂತ." ಅವನ ದನಿ ಇಳಿಯಿತು. "ಮನ್ಯಾಗಾದ್ರೂ ಅವಗ ಸುಖ ಇರಬಾರದು ಅನಸಿತ್ರಿ."

ಗೋದಾಬಾಯಿ ಅವನನ್ನು ಬಯ್ಯಲಿಲ್ಲ. ಹೊರಡುವ ಮುನ್ನ ಇನ್ನೊಂದು ಪ್ರಶ್ನೆ ಕೇಳಿದರು.

"ನಿನ್ನ ಮೊಣಕಾಲಿಗೆ ನೀ ಏನು ತಗೋತಿ?"

"ಮೆಡಿಕಲ್‌ನಾಂವ ಕೊಡ್ತಾನಲ್ರಿ, ಒಂದು ಬಿಳೇದು, ಒಂದು ಹಳದಿ. ಬೆಳಿಗ್ಗೆದ್ದು ಚಾದ ಕೂಡ."

"ಉಪವಾಸ ಹೊಟ್ಟಿಗೇನು?" ಗೋದಾಬಾಯಿಯ ದನಿ ಏರಿತು. "ಎಷ್ಟು ದಿನದಿಂದ?"

"ದೀಪಾವಳಿ ಮುಂದಿಂದ."

"ನಾಳೆ ಆ ಗುಳಿಗಿ ತಗೊಂಡು ಡಾಕ್ಟ್ರ ಹತ್ರ ಹೋಗು. ಬಿಳೇದು ಹಳದಿ ಎರಡೂ ಒಂದ ಕುಲ ಇದ್ದರ, ನಿನ್ನ ನೆಲಾನೂ ಇನ್ನೊಬ್ಬಾಂವ ಮುಗಸ್ತಾನ."

ಹುಲಗೇಶ ಮೊದಲ ಸಲ ಕತ್ತೆತ್ತಿ ಅವರನ್ನು ನೋಡಿದ.

* * *

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಗೋದಾಬಾಯಿ ಬಂಡೆಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಸನತ್‌ನಗರದ ಸಾಲುಮನೆಗಳಿಗೆ ಬಂದರು.

ಗುರುದೇವಿ ಆಸ್ಪತ್ರೆಯಿಂದ ಬೆಳಗಿನ ಜಾವ ಬಂದು, ಸ್ನಾನ ಮಾಡಿ, ಗಂಡನಿಗೆ ಗಂಜಿ ಇಟ್ಟಿದ್ದಳು. ಬಾಗಿಲಲ್ಲಿ ಇಬ್ಬರನ್ನೂ ಕಂಡು ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಬಂಡೆಮ್ಮನ ಸೀರೆಗೆ ಅಂಟಿದ್ದ ಆ ಪುಡಿಯ ವಾಸನೆಯೇ ಅವಳು ಯಾರೆಂದು ಹೇಳಿತು.

"ಈಕೀನ್ಯಾಕ ಕರಕೊಂಡು ಬಂದ್ರಿ ನನ್ನ ಮನಿಗೆ?"

"ಕುಂಡ್ರು ಗುರುದೇವಿ."

"ಈಕಿ ಹೊರಗ ನಿಂತ್ರ ನಾ ಕುಂಡರತೀನ್ರಿ."

ಬಂಡೆಮ್ಮ ಹೊರಗೆ ನಿಲ್ಲಲಿಲ್ಲ. ಒಳಗೆ ಬಂದು ಗೋಡೆಗೆ ಒರಗಿ ಕೂತಳು. ಐವತ್ತು ದಾಟಿದ ವಿಧವೆ. ತಲೆ ಮುಕ್ಕಾಲು ನರೆತಿತ್ತು. ಬೇರು ಕುಟ್ಟಿ ಕುಟ್ಟಿ ಅಂಗೈ ಒರಟಾಗಿತ್ತು.

ಗುರುದೇವಿಯ ಕಣ್ಣು ಅವಳ ನರೆಗೂದಲಿನಿಂದ ಒರಟು ಕೈಗಿಳಿದು, ಮತ್ತೆ ಕೂದಲಿಗೇರಿತು. ಎರಡು ತಿಂಗಳಿಂದ ಅವಳು ಮನಸ್ಸಿನಲ್ಲಿ ಒಬ್ಬ ಚೆಲುವೆಯನ್ನು ಕಟ್ಟಿಕೊಂಡು ದಿನಾ ಬಯ್ದಿದ್ದಳು. ಆ ಚೆಲುವೆಯಾಗಿದ್ದರೆ ಅರ್ಥವಾದರೂ ಆಗುತ್ತಿತ್ತು. ತನಗಿಂತ ಹತ್ತು ವರ್ಷ ಹಿರಿಯಳಾದ ಈ ಹೆಂಗಸಿನಲ್ಲಿ ಗಂಡ ಏನು ಕಂಡನೆಂದು ತಿಳಿಯದೆ ಅವಳ ಹೊಟ್ಟೆಯ ಉರಿ ಇಮ್ಮಡಿಯಾಯಿತು.

ಗೋದಾಬಾಯಿ ಮಾತಾಡದೆ ಕೋಣೆಯನ್ನು ನೋಡುತ್ತಿದ್ದರು. ಒಲೆಯ ಪಕ್ಕದ ಹಲಗೆಯ ಮೇಲೆ ಅರಿಸಿನ, ಖಾರ, ಉಪ್ಪಿನ ಡಬ್ಬಿಗಳು. ಅವುಗಳ ಹಿಂದೆ ಒಂದು ಹಿತ್ತಾಳೆಯ ಕುಟ್ಟಾಣಿ. ಹಲ್ಲಿಲ್ಲದ ಮುದುಕರು ಎಲೆ ಅಡಿಕೆ ಕುಟ್ಟಿಕೊಳ್ಳುವಂಥದ್ದು.

"ಈ ಮನ್ಯಾಗ ಎಲಿ ಅಡಿಕಿ ಯಾರು ತಿಂತಾರವಾ?"

"ಯಾರೂ ಇಲ್ರಿ. ಅದು ನಮ್ಮ ಅತ್ತೀದು. ಹಂಗ ಬಿದ್ದೈತಿ."

ಗೋದಾಬಾಯಿ ಎದ್ದು ಅದನ್ನು ಕೈಗೆತ್ತಿಕೊಂಡರು. ಹೊರಮೈ ಧೂಳು ಹಿಡಿದಿತ್ತು. ಒಳಗೆ ಧೂಳಿರಲಿಲ್ಲ. ತಳದ ಗೀರಿನಲ್ಲಿ ತಿಳಿ ಗುಲಾಬಿ ಬಣ್ಣದ ಪುಡಿ ಗಟ್ಟಿಯಾಗಿ ಕೂತಿತ್ತು. ಮೂವತ್ತೊಂದು ವರ್ಷ ಕಂಡ ಬಣ್ಣ. ಐಬುಪ್ರೊಫೆನ್ ಮಾತ್ರೆಯ ಹೊದಿಕೆ.

ಅವರು ಕುಟ್ಟಾಣಿಯನ್ನು ಗುರುದೇವಿಯ ಮುಂದೆ ನೆಲದ ಮೇಲಿಟ್ಟರು.

"ಕುಟ್ಟಿದ ಗುಳಿಗಿ ಬರೇ ನುಂಗಿದ್ರ ಗಂಟಲ ಉರೀತೈತಿ, ಗೊತ್ತಾಗತೈತಿ. ಅದಕ ರಂಜಕದಾಗ ಬೆರೆಸೀದಿ. ಖಾರದ ಉರಿಯೊಳಗ ಗುಳಿಗಿ ಉರಿ ಮುಚ್ಚಿಹೋತು. ಶ್ಯಾಣ್ಯಾಕಿ ಅದಿ ಗುರುದೇವಿ."

ಗುರುದೇವಿ ಕುಟ್ಟಾಣಿಯನ್ನೇ ನೋಡುತ್ತ ಕೂತಳು. ಗಂಜಿ ಉಕ್ಕಿ ಒಲೆಯ ಮೇಲೆ ಚುಂಯ್‌ಗುಟ್ಟಿತು. ಯಾರೂ ಏಳಲಿಲ್ಲ.

"ಸಾಯಲಿ ಅಂತ ಹಾಕಿದ್ದಲ್ರಿ," ಎಂದಳು ಕೊನೆಗೆ.

"ಮತ್ಯಾಕ?"

"ಡಾಕ್ಟ್ರು ಬ್ಯಾಡಂದ ಮ್ಯಾಲೆ ಗುಳಿಗಿ ಬಿಟ್ಟಿದ್ರು. ರಾತ್ರಿ ಎಲ್ಲಾ ನರಳತಿದ್ರು. ನಾ ಎಣ್ಣಿ ಕಾಸಿ ತಿಕ್ಕತಿದ್ದೆ. ಗುರುದೇವಿ, ನಿನ್ನ ಕೈ ಬಿದ್ರ ಜೀವ ಬರತೈತಿ ಅಂತಿದ್ರು." ಅವಳು ಬಂಡೆಮ್ಮನತ್ತ ತಿರುಗಿದಳು. "ಆಮ್ಯಾಲೆ ಈಕಿ ಪುಡಿ ಬಂತು. ಹದಿನೈದು ದಿನಕ್ಕ ಮೆಟ್ಟಲ ಹತ್ತಿ ಇಳದ್ರು. ಎಣ್ಣಿ ತಂದ್ರ, ಬ್ಯಾಡ ಬಿಡು, ಬಂಡೆಮ್ಮನ ಪುಡಿ ಐತಲ್ಲ ಅಂದ್ರು. ಎಣ್ಣಿ ಬಟ್ಟಲಾ ಹಿಡಕೊಂಡು ನಿಂತ್ನಿ ನಾ. ಹದಿನಾಲ್ಕು ದಿನ ಬಟ್ಟಲದಾಗ ಎಣ್ಣಿ ಹಂಗs ಇತ್ತು."

"ಅದಕ?"

"ಹಳೇ ಗುಳಿಗಿ ಮನ್ಯಾಗಿದ್ವು. ಕುಟ್ಟಿ ರಂಜಕದಾಗ ಹಾಕಿದೆ. ನನ್ನ ರಂಜಕ ತಿಂದ್ರ ನೋವು ಹೋಗತೈತಿ ಅಂದೆ. ಹೋತ್ರಿ! ಹೌದಲ್ಲ ಗುರುದೇವಿ, ಇವತ್ತ ದಿನಾ ಎಲ್ಲಾ ಮೊಣಕಾಲ ಮ್ಯಾಲೆ ಕುಂತ್ರೂ ಏನೂ ಅನಸಲಿಲ್ಲ ಅಂದ್ರು. ನನ್ನ ಹೆಸರ ಹೇಳಿದ್ರು. ಈಕೀದಲ್ಲ."

ಬಂಡೆಮ್ಮ ಮೊದಲ ಬಾರಿಗೆ ಬಾಯಿ ತೆರೆದಳು. "ನಿನ್ನ ರಂಜಕದಿಂದಲ್ಲ ಅದು."

"ಏನಂದಿ?"

"ನನ್ನ ಪುಡಿಯಿಂದ."

"ನಿನ್ನ ಪುಡ್ಯಾಗ ಏನಿತ್ತು ಅನ್ನೋದೂ ಈಗ ಹೊರಗ ಬರಲಿ," ಎಂದರು ಗೋದಾಬಾಯಿ. "ಬಂಡೆಮ್ಮ, ಬ್ಯಾರೆದವರ ಪೊಟ್ಟಣ ಶುದ್ಧ ಐತಿ. ಅವನ ಪೊಟ್ಟಣಕ್ಕ ಯಾಕ ಬೆರೆಸೀದಿ?"

ಬಂಡೆಮ್ಮ ತನ್ನ ಅಂಗೈ ನೋಡಿಕೊಂಡಳು.

"ನಮ್ಮ ಅತ್ತಿ ಕಲಿಸಿದ ಪುಡಿರಿ ಅದು. ಇಪ್ಪತ್ತು ವರ್ಷ ಕೊಟ್ಟೀನಿ. ಯಾರೂ ಹೊಳ್ಳಿ ಬಂದು, ನಿನ್ನಿಂದ ಛಲೋ ಆತು ಅಂದಿಲ್ಲ. ತಗೋತಾರ, ಹೋಗ್ತಾರ. ಮಿಸ್ತ್ರಿ ಒಬ್ಬನs ನನ್ನ ಅಂಗಡಿ ಮುಂದ ಕುಂತು ನಮ್ಮ ಕಡೀ ಮಾತು ಆಡತಿದ್ದ. ನಂದು ಸೇಡಂ ಕಡೀರಿ. ಆ ಮಾತು ಕೇಳಿ ಎಷ್ಟು ವರ್ಷಾಗಿತ್ತು. ಎರಡನೇ ವಾರ ಬಂದು ಏನಂದ ಗೊತ್ತೇನ್ರಿ? ಅಕ್ಕಾ, ನಿನ್ನ ಪುಡಿ ಹತ್ತಲಿಲ್ಲ. ನನ್ನ ಹೆಂಡ್ತಿ ತಿಕ್ಕೋ ಎಣ್ಣೀನs ಛಲೋ. ಇನ್ನ ಬರಂಗಿಲ್ಲ, ಅಂದ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಬಾಯಿ ತುಂಬ ಹೆಂಡ್ತಿ ಹೆಸರು. ನನ್ನ ಗಂಡ ಇದ್ದಾಗೂ ನನ್ನ ಹೆಸರ ಹಂಗ ಯಾರೂ ಹೇಳಿಲ್ರಿ. ಇನ್ನೊಂದ ವಾರ ತಗೋ ತಮ್ಮಾ ಅಂದೆ. ಆ ಪೊಟ್ಟಣಕ್ಕ ಗುಳಿಗಿ ಅರದು ಹಾಕಿದೆ."

ಗುರುದೇವಿ ಎದ್ದು ನಿಂತಿದ್ದಳು. "ಅಕ್ಕಾ ಅಂದ್ರೇನು ನಿನಗ?"

"ಅಕ್ಕಾ ಅಂತಿದ್ದ. ಮತ್ತೇನಂತಿದ್ದ ಅನಕೊಂಡಿ?"

ಗುರುದೇವಿ ಮತ್ತೆ ಕೂರಲಿಲ್ಲ.

ಗೋದಾಬಾಯಿಗೆ ಈ ಉರಿ ಹೊಸದಾಗಿರಲಿಲ್ಲ. ಅವರ ಗಂಡ ಬದುಕಿದ್ದಾಗ, ಪಕ್ಕದ ಮನೆಯವರ ಬೇಳೆ ತವ್ವಿಯನ್ನು ಹೊಗಳಿದನೆಂದು ಅವರು ಒಂದು ವರ್ಷ ತವ್ವಿ ಮಾಡಿರಲಿಲ್ಲ. ಅದನ್ನು ನೆನೆದೇ ಈಗ ಅವರ ದನಿ ಗಡುಸಾಯಿತು.

"ಕೇಳ್ರಿ ಇಬ್ಬರೂ. ಒಂದು ಬಿಳೇದು, ಒಂದು ಗುಲಾಬಿ. ಹೆಸರ ಬ್ಯಾರೆ, ಚೀಟಿ ಬ್ಯಾರೆ. ಕೆಲಸ ಒಂದ. ನೋವು ತಗ್ಗಸ್ತಾವ, ಹೊಟ್ಟಿ ಪದರ ಸವಸ್ತಾವ. ಒಂದನ್ನ ಊಟ ಆದಮ್ಯಾಲೆ, ಡಾಕ್ಟ್ರು ಹೇಳಿದಷ್ಟ, ನಾಕು ದಿನ ತಗೊಂಡ್ರ ಸಾವಿರ ಮಂದಿಗೆ ಗುಣ ಆಗೈತಿ. ನಾನ ಕೊಟ್ಟೀನಿ. ಎರಡನ್ನ ಕೂಡಿಸಿ ಯಾರಿಗೂ ಕೊಟ್ಟಿಲ್ಲ. ಹುಣ್ಣಾದವಗ ಒಂದನ್ನೂ ಕೊಟ್ಟಿಲ್ಲ. ಮ್ಯಾಲೆ ಅವಗ ಹೃದಯದ ಗುಳಿಗಿ ಬ್ಯಾರೆ, ಅದು ರಕ್ತ ಹೆಪ್ಪುಗಟ್ಟಗೊಡಂಗಿಲ್ಲ. ಬಂಡೆಮ್ಮ ಒಂದು ತೂತು ಕೊರದ್ಲು, ಗುರುದೇವಿ, ನೀ ಅದನ್ನ ದೊಡ್ಡದು ಮಾಡಿದಿ."

ಗೋದಾಬಾಯಿ ಗುರುದೇವಿಯತ್ತ ತಿರುಗಿದರು.

"ರಕ್ತ ಕಾರೂಕಿಂತ ಮೊದಲ ಮಲ ಕಪ್ಪಗಾಗತೈತಿ. ಡಾಂಬರಿನಂಗ. ಅಂವಾ ಹೇಳಿರಲಿಲ್ಲೇನು?"

"ಹೇಳಿದ್ರು," ಎಂದಳು ಗುರುದೇವಿ ಮೆಲ್ಲಗೆ. "ಹತ್ತು ದಿನದ ಹಿಂದ. ಆ ಬೇಗಂ ಬಜಾರದ ಪುಡಿದ ಕೆಲಸ ಅದು, ಅದನ್ನ ಬಿಡ್ರಿ ಅಂದೆ."

ಬಂಡೆಮ್ಮ ತಲೆ ಬಗ್ಗಿಸಿದಳು. "ನನಗೂ ಹೇಳಿದ್ದ. ನಿನ್ನ ಹೆಂಡ್ತಿ ಖಾರ ಭಾಳ ಹಾಕ್ತಾಳ, ರಂಜಕ ಬಿಡು ಅಂದೆ."

ಹತ್ತು ದಿನ. ಮೌನಪ್ಪ ಎರಡು ಕಡೆ ಬಾಯಿ ಬಿಟ್ಟು ಹೇಳಿದ್ದ. ಎರಡೂ ಕಡೆ ಅವನ ರಕ್ತಕ್ಕಿಂತ ಇನ್ನೊಬ್ಬಳ ಹೆಸರು ದೊಡ್ಡದಾಗಿ ಕೇಳಿಸಿತ್ತು.

ಗುರುದೇವಿ ಗೋಡೆಗೆ ಮುಖ ಮಾಡಿ ಅಳತೊಡಗಿದಳು. ಸದ್ದಿಲ್ಲದ ಅಳು. ಬಂಡೆಮ್ಮ ಎದ್ದು ಒಲೆಯ ಮೇಲಿನ ಗಂಜಿಯನ್ನು ಕೆಳಗಿಳಿಸಿದಳು. "ಅದನ್ನ ಮುಟ್ಟಬ್ಯಾಡ," ಎಂದಳು ಗುರುದೇವಿ, ತಿರುಗದೆಯೇ.

"ತಳ ಹತ್ತತೈತಿ."

"ಹತ್ತಲಿ. ಅವರು ಉಣ್ಣೋದು ಅದು. ನೀ ಮುಟ್ಟಬ್ಯಾಡ."

ಆಗ ಗೋದಾಬಾಯಿಯ ಚೀಲದಲ್ಲಿದ್ದ ಮೊಬೈಲು ಹೊಡೆದುಕೊಂಡಿತು. ಮಗ ಒತ್ತಾಯ ಮಾಡಿ ಕೊಡಿಸಿದ್ದ ಅದನ್ನು ಅವರು ಇನ್ನೂ ಎರಡು ಕೈಯಲ್ಲಿ ಹಿಡಿಯುತ್ತಿದ್ದರು.

"ಮೇಡಂ, ಎಲ್ಲಿದ್ದೀರಿ?" ಕೌಶಲ್ ಓಡುತ್ತ ಮಾತಾಡುವವನಂತೆ ಏದುತ್ತಿದ್ದ.

"ಗುರುದೇವಿ ಮನ್ಯಾಗ. ಯಾಕ?"

"ಗುರುದೇವಿ ಅಲ್ಲೇ ಇದ್ದಾರಾ? ಸರಿಯಾಗಿ ನೋಡಿ ಹೇಳಿ."

"ನನ್ನ ಕಣ್ಣ ಮುಂದ ಅದಾಳ. ಬಂಡೆಮ್ಮನೂ ಅದಾಳ. ಒಂದು ತಾಸಾತು."

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು.

"ಮೌನಪ್ಪನಿಗೆ ಮತ್ತೆ ರಕ್ತ ಶುರುವಾಗಿದೆ. ನಾಲ್ಕು ದಿನದಿಂದ ನಿಂತಿತ್ತು, ಈಗ ಕೆಂಪು ಕೆಂಪಾಗಿ ಬರ್ತಿದೆ. ದಿಂಬಿನ ಕೆಳಗೆ ಮಾತ್ರೆಯ ಪಟ್ಟಿ ಸಿಕ್ಕಿತು. ನೋವಿನ ಮಾತ್ರೆ. ನಾಲ್ಕು ಖಾಲಿಯಾಗಿವೆ. ನಿನ್ನೆ ಸಂಜೆ ಎರಡು, ಇವತ್ತು ಬೆಳಿಗ್ಗೆ ಎರಡು ಅಂತ ಪಕ್ಕದ ಮಂಚದವರು ಹೇಳ್ತಾರೆ. ಒಬ್ಬ ಹೆಂಗಸು ಬಂದು ತನ್ನ ಕೈಯಾರೆ ಬಾಯಿಗೆ ಹಾಕಿ ನೀರು ಕುಡಿಸಿದ್ರಂತೆ. ಇವನು ಮಗುವಿನ ಹಾಗೆ ಬಾಯಿ ತೆರೆದನಂತೆ."

"ಒಳಗ ಯಾರು ಬಿಟ್ಟರು?"

"ಆಯಾ ಬಿಟ್ಟಳು. ನಾನು ಅವನ ಹೆಂಡತಿ ಅಂದ್ರಂತೆ. ಅರ್ಧ ಗಂಟೆಯ ಹಿಂದೆ ಹೊರಟುಹೋದರು."

"ಮೌನಪ್ಪ ಏನಂತಾನ?"

"ಬಾಯೇ ಬಿಡ್ತಿಲ್ಲ. ಕಣ್ಣಲ್ಲಿ ನೀರು ಸುರೀತಿದೆ, ಅಷ್ಟೇ. ಮೇಡಂ, ರಿಜಿಸ್ಟರಿನಲ್ಲಿ ಅವರು ಸಹಿ ಮಾಡಿದ್ದಾರೆ. ಕನ್ನಡದಲ್ಲಿ."

ಗುರುದೇವಿ ತಿರುಗಿದ್ದಳು. ಅವಳಿಗೆ ಸಹಿ ಬರುವುದಿಲ್ಲ, ಆಸ್ಪತ್ರೆಯ ಕಾಗದಕ್ಕೆಲ್ಲ ಹೆಬ್ಬೆಟ್ಟೊತ್ತಿದವಳೆಂದು ಗೋದಾಬಾಯಿಗೆ ಗೊತ್ತಿತ್ತು.

"ಏನಂತ ಬರದಾಳ?"

ಕೌಶಲ್ ಓದಿದ. ಗೋದಾಬಾಯಿ ಅದನ್ನು ಹಾಗೆಯೇ ಗಟ್ಟಿಯಾಗಿ ಹೇಳಿದರು.

"ಗದಿಗೆಮ್ಮ. ಗಂಡ ಮೌನಪ್ಪ."

"ಗದಿಗೆಮ್ಮ?" ಬಂಡೆಮ್ಮನ ದನಿ ಚಾಕುವಿನಂತೆ ಎದ್ದಿತು. "ಯಾರಾಕಿ? ಇನ್ನೊಬ್ಬಾಕೀನೂ ಅದಾಳೇನು ಅವಗ?"

ಗುರುದೇವಿ ಗೋಡೆ ಹಿಡಿದು ಕೆಳಗೆ ಕೂತಳು. ಇಷ್ಟು ಹೊತ್ತು ಮುಖದ ಮೇಲಿದ್ದ ಉರಿಯೆಲ್ಲ ಒಮ್ಮೆಗೇ ಆರಿ ಬೂದಿಯಾಗಿತ್ತು.

"ನನ್ನ ಅಕ್ಕ," ಎಂದಳು. "ಅವರ ಮೊದಲನೇ ಹೆಂಡ್ತಿ. ಹನ್ನೊಂದು ವರ್ಷದ ಹಿಂದ ಈ ಕೈಲೆ ನಾನs ಅಕೀಗೆ ಮಣ್ಣು ಕೊಟ್ಟೀನ್ರಿ ಬಾಯಾರ."